ಪೆಕ್ಕನ ಒತ್ತಕ್ಷರ

ಮೊನ್ನೆ ಇಲ್ಲಿಯ ಕನ್ನಡದವರ ಯುಗಾದಿ ಊಟದಲ್ಲಿ ಮೈಸೂರಿನ ಹುಡುಗಿಯೊಬ್ಬಳು ನನ್ನ ಪಕ್ಕ ಕೂತಳು. ಯಂತ್ರಕ್ಕೆ ಮಾತು ಕಲಿಸುವ ಕಂಪನಿಗೆ ಹೊಸದಾಗಿ ಸೇರಿದ್ದಾಳಂತೆ. ‘ಆಂಟಿ, ನೀವೂ ಲ್ಯಾಂಗ್ವೇಜ್ ಲೈನಲ್ಲೇ ಇದ್ರಂತಲ್ಲ, ನಿಮ್ಮ ಟೈಮಲ್ಲಿ ಈ ಕೆಲಸ ಹೇಗಿತ್ತು?’ ಎಂದು ಕೇಳಿದಳು. ಬಾಯಲ್ಲಿ ಹೋಳಿಗೆ ಇತ್ತು, ‘ಚೆನ್ನಾಗಿತ್ತಮ್ಮ’ ಎಂದಷ್ಟೇ ಹೇಳಿದೆ. ಮನೆಗೆ ಬಂದ ಮೇಲೆ ಅದೊಂದು ಉತ್ತರವೇ ಅಲ್ಲ ಅನ್ನಿಸಿ ಕಿರಿಕಿರಿಯಾಯಿತು. ಆ ಹುಡುಗಿಗೆ, ಅವಳಂತೆ ಈ ಕೆಲಸಕ್ಕೆ ಬರುವ ಉಳಿದವರಿಗೆ ಸ್ವಲ್ಪ ಸರಿಯಾದ ಉತ್ತರ ಕೊಡೋಣ ಎಂದು ಕೂತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ನನ್ನ ಗಂಡ ಸತೀಶ್ ಮೈಸೂರಿನವರು, ಆಗ ಡಚ್ಚರ ದೇಶದ ಹಾರ್ಲೆಮ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ನಾನು ಮಂಗಳೂರಿನವಳು, ಮನೆಮಾತು ತುಳು. ಭಾಷಾಶಾಸ್ತ್ರ ಓದಿ, ಆಮೇಲೆ ಹೊಟ್ಟೆಪಾಡಿಗೆ ಕಂಪ್ಯೂಟರ್ ಕಲಿತವಳು. ಎರಡನ್ನೂ ಕಲಿತವರು ಎರಡಕ್ಕೂ ಬೇಡ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಆಮರ್ಸ್‌ಫೋರ್ಟ್‌ನ ಒಂದು ಸಣ್ಣ ಕಂಪನಿಗೆ ಮಾತ್ರ ಅಂಥವಳೇ ಬೇಕಾಗಿತ್ತು. ಅಲ್ಲಿ ಮಾತಾಡುವ ನಿಘಂಟು ತಯಾರಾಗುತ್ತಿತ್ತು. ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿ ಪದದ ಮೇಲೆ ಒತ್ತಿದರೆ ಅರ್ಥ ಬರುತ್ತದೆ, ಅದರ ಹುಟ್ಟಿನ ಕಥೆ ಬರುತ್ತದೆ, ಒಬ್ಬರು ಅದನ್ನು ಉಚ್ಚರಿಸಿ ಹೇಳುತ್ತಾರೆ. ಈಗ ಫೋನಿನಲ್ಲಿ ಮಕ್ಕಳು ಆಡಿಕೊಳ್ಳುವ ಸಂಗತಿ. ಆಗ ನೋಡಲು ಜನ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

ಕೆಲಸಕ್ಕೆ ಸೇರುವ ಮೊದಲೇ ಒಂದು ಪಾಠವಾಗಿತ್ತು. ಹಾರ್ಲೆಮ್‌ನ ಖೆಮೇಂಟೆಯಲ್ಲಿ, ಅಂದರೆ ಊರಿನ ಪುರಸಭೆಯಲ್ಲಿ, ಹೆಸರು ನೋಂದಾಯಿಸಲು ಹೋದಾಗ ನಾಲ್ಕು ವಾರ ಕಲಿತ ಡಚ್ಚನ್ನು ಪ್ರದರ್ಶಿಸುವ ಹುಮ್ಮಸ್ಸು. ಇಂಗ್ಲಿಷಿನ ಇಂಡಿಯನ್ನಿಗೆ ಒಂದು ದೀರ್ಘ ಎಳೆದರೆ ಡಚ್ ಆಗುತ್ತದೆ ಎಂದುಕೊಂಡು ‘ಇಕ್ ಬೆನ್ ಇಂಡಿಯಾನ್’, ಅಂದರೆ ನಾನು ಇಂಡಿಯನ್, ಎಂದೆ. ಕೌಂಟರಿನ ಹೆಂಗಸು ನನ್ನ ಸೀರೆ, ಬೊಟ್ಟು ನೋಡಿ, ತುಟಿ ಕಚ್ಚಿಕೊಂಡು, ‘ಮೇಡಂ, ಯಾವ ಬುಡಕಟ್ಟು?’ ಎಂದು ಕೇಳಿದಳು. ಡಚ್ಚಿನಲ್ಲಿ ಇಂಡಿಯಾನ್ ಎಂದರೆ ಅಮೆರಿಕದ ಗರಿ ತೊಟ್ಟ ಜನ. ನಮ್ಮ ದೇಶದ ಹೆಂಗಸಿಗೆ ಬೇರೆ ಪದ, ಇಂಡೋನೇಷ್ಯಾದ ಹಳೆಯ ವಸಾಹತಿನವರಿಗೆ ಬೇರೆ, ಹಿಂದೆ ಕೂಲಿಗೆಂದು ಸುರಿನಾಮಿಗೆ ಹೋಗಿ ಅಲ್ಲಿಂದ ಇಲ್ಲಿಗೆ ಬಂದ ನಮ್ಮವರಿಗೆ ಇನ್ನೂ ಬೇರೆ. ಸತೀಶ್ ಅಂತೂ ಒಂದು ವರ್ಷ ನನ್ನನ್ನು ‘ಬುಡಕಟ್ಟಿನ ರಾಣಿ’ ಎಂದು ಕರೆದರು. ಜನರ ಹೆಸರಿನ ವಿಷಯದಲ್ಲಿ ಹುಷಾರಾಗಿರಬೇಕು ಎಂದು ನನಗೆ ಅಂದೇ ಮನವರಿಕೆಯಾಯಿತು.

ಕಂಪನಿಯ ಮುಖ್ಯಸ್ಥ ಹೆಂಕ್. ಉದ್ದ ಮನುಷ್ಯ, ಮಾತು ಚಿಕ್ಕದು. ‘ಒಂದು ಪದ, ಒಂದು ಸಾಲು’ ಎನ್ನುವುದು ಅವನ ಮಂತ್ರ. ಸಿ.ಡಿ.ಯಲ್ಲಿ ಜಾಗ ಇಲ್ಲ, ಓದುಗನಿಗೆ ತಾಳ್ಮೆ ಇಲ್ಲ ಎನ್ನುತ್ತಿದ್ದ. ಧ್ವನಿಯ ಕೆಲಸ ರಾಬ್‌ನದು. ಯಾವಾಗಲೂ ಏನಾದರೂ ಮೆಲ್ಲುತ್ತಿದ್ದ, ಯಾವಾಗಲೂ ನಗುತ್ತಿದ್ದ. ಸ್ವೀಡಿಷ್ ಮತ್ತು ಫಿನ್ನಿಷ್ ಭಾಷೆಗಳನ್ನು ನೋಡಿಕೊಳ್ಳುತ್ತಿದ್ದವಳು ಕಾರಿನಾ. ಐವತ್ತರ ಆಸುಪಾಸು, ಡಚ್ಚಿನವನನ್ನು ಮದುವೆಯಾಗಿ ಹಾರ್ಲೆಮ್‌ನಲ್ಲೇ ಇದ್ದಳು. ಇಬ್ಬರೂ ಒಂದೇ ರೈಲಿನಲ್ಲಿ ಹೋಗಿಬರುತ್ತಿದ್ದೆವು. ಮೊದಲ ಕೆಲವು ತಿಂಗಳು ಅವಳು ಹೆಚ್ಚು ಮಾತಾಡಿದ್ದೇ ಇಲ್ಲ. ಫಿನ್‌ಲೆಂಡಿನವರು ಹಾಗೇ ಎಂದು ರಾಬ್ ಹೇಳಿದ. ನಾನು ಇಬ್ಬರ ಪಾಲಿನದನ್ನೂ ಮಾತಾಡುತ್ತಿದ್ದೆ.

ಎಲ್ಲರ ಬರಹವನ್ನು ಜೋಡಿಸಿ, ಒತ್ತಿದರೆ ಸರಿಯಾದ್ದು ಬರುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಒಂದು ದಿನ ಸ್ವೀಡಿಷ್ ಭಾಗವನ್ನು ತೆರೆದಿದ್ದಾಗ ಕಾರಿನಾ ಬೆನ್ನ ಹಿಂದೆ ಬಂದು ನಿಂತಳು. ಪರದೆಯ ಮೇಲೆ ‘ಫಿನ್ನೆ’ ಎಂಬ ಪದವಿತ್ತು. ಅದರ ಕೆಳಗೆ ಎರಡು ಅರ್ಥ: ಒಂದು, ಫಿನ್‌ಲೆಂಡಿನವನು. ಎರಡು, ಮೊಡವೆ. ಕಾರಿನಾ ಅವುಗಳನ್ನು ಎರಡು ಬೇರೆ ಪದಗಳಾಗಿ ಬರೆದುಕೊಟ್ಟಿದ್ದಳು. ಜಾಗ ಉಳಿಸಲು ಹೆಂಕ್ ಒಂದೇ ಮಾಡಿದ್ದ. ಅವಳ ಮುಖ ಬಿಳುಚಿಹೋಯಿತು. ‘ಇದು ಹೀಗೇ ಹೋದರೆ ನಾನೂ ಹೋಗ್ತೀನಿ’ ಎಂದಳು. ಕೋಟು ತೆಗೆದುಕೊಂಡು ಹೊರಟೇಬಿಟ್ಟಳು.

ನಾನೂ ಓಡಿ ಅದೇ ರೈಲು ಹತ್ತಿದೆ. ಅವತ್ತು ಅವಳು ಮಾತಾಡಿದಳು, ನಾನು ಬಾಯಿ ಮುಚ್ಚಿ ಕೂತಿದ್ದೆ. ಅವಳು ಚಿಕ್ಕವಳಿದ್ದಾಗ ಅಪ್ಪ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಸೇರಿದರಂತೆ. ಸಂಸಾರವೆಲ್ಲ ಅಲ್ಲಿಗೆ ಹೋಯಿತು. ಶಾಲೆಯಲ್ಲಿ ಇವಳನ್ನೂ ತಮ್ಮನನ್ನೂ ಮಕ್ಕಳು ‘ಫಿನ್ನೆ, ಫಿನ್ನೆ’ ಎಂದು ಕೆನ್ನೆ ಹಿಸುಕಿ ಆಡಿಕೊಳ್ಳುತ್ತಿದ್ದರು. ಮೊಡವೆಯನ್ನು ಹಿಸುಕುವ ಹಾಗೆ. ಇವಳು ತಿರುಗಿ ಹೊಡೆಯುತ್ತಿದ್ದಳು. ತಮ್ಮ ಹೊಡೆಯುವವನಲ್ಲ. ಅವನ ಹೆಸರು ಪೆಕ್ಕ.

‘ಒಂದು ದಿನ ಮನೆಗೆ ಬಂದು, ಇನ್ನು ಮೇಲೆ ನಾನು ಪೀಟರ್ ಅಂದ. ನಾನು ಫಿನ್ನೆ ಅಲ್ಲ ಅಂದ. ಅವತ್ತಿಂದ ಮನೆಯಲ್ಲೂ ನಮ್ಮ ಭಾಷೆ ಆಡಲಿಲ್ಲ. ಅಮ್ಮ ಏನು ಕೇಳಿದರೂ ಸ್ವೀಡಿಷಲ್ಲೇ ಉತ್ತರ’ ಎಂದಳು ಕಾರಿನಾ.

‘ಅಮ್ಮನಿಗೆ ಸ್ವೀಡಿಷ್ ಬರ್ತಿತ್ತಾ?’

‘ಬರ್ತಿರಲಿಲ್ಲ.’

ಆ ತಮ್ಮ ಈಗ ಅದೇ ಊರಿನಲ್ಲಿ ಶಾಲಾ ಮೇಷ್ಟ್ರು. ಜಗಳವೇನಿಲ್ಲ. ಕ್ರಿಸ್‌ಮಸ್ಸಿಗೆ ಸ್ವೀಡಿಷ್‌ನಲ್ಲಿ ಒಂದು ಕಾರ್ಡು ಬರುತ್ತದೆ, ‘ಪೀಟರ್’ ಎಂದು ಸಹಿ ಇರುತ್ತದೆ, ಅಷ್ಟೇ. ನಮ್ಮ ನಿಘಂಟು ಹೋಗುವುದು ಸ್ವೀಡನ್ನಿನ ಶಾಲೆಗಳಿಗೇ. ‘ಅವನ ಕ್ಲಾಸಿನ ಒಂದು ಮಗು ಇದನ್ನು ತೆಗೆದು ಓದುತ್ತದೆ, ಪ್ರಮೀಳಾ. ನಾವು ಯಾರು ಅಂತ ಕೇಳಿದರೆ, ಎರಡನೇ ಅರ್ಥ ಮೊಡವೆ ಅಂತ. ಅದನ್ನು ಬರೆದವಳು ಅವನ ಅಕ್ಕ’ ಎಂದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಮರುದಿನ ಹೆಂಕ್‌ನ ಕೋಣೆಯಲ್ಲಿ ಪಂಚಾಯಿತಿ ಸೇರಿತು. ನಿಘಂಟು ಮಾಡುವವರ ನಿಯಮ ಒಂದಿದೆ. ಎರಡು ಅರ್ಥಗಳ ಹುಟ್ಟು ಒಂದೇ ಆದರೆ ಅವು ಒಂದೇ ಮನೆಯಲ್ಲಿರಬೇಕು. ಹುಟ್ಟು ಬೇರೆಯಾದರೆ, ಸ್ಪೆಲ್ಲಿಂಗ್ ಒಂದೇ ಇದ್ದರೂ ಬೇರೆ ಮನೆ ಕಟ್ಟಿಕೊಡಬೇಕು.

‘ಸರಿ, ಹಾಗಾದರೆ ಫಿನ್ ಅನ್ನೋ ಹೆಸರಿನ ಹುಟ್ಟು ಯಾವುದು? ಒಂದು ಸಾಲಲ್ಲಿ ಹೇಳು’ ಎಂದ ಹೆಂಕ್.

‘ಗೊತ್ತಿಲ್ಲ’ ಎಂದಳು ಕಾರಿನಾ.

‘ಗೊತ್ತಿಲ್ಲದ ಮೇಲೆ ಅದು ಬೇರೆ ಅಂತ ಹೇಗೆ ಹೇಳ್ತೀಯ?’

ಆಗ ಅವಳು ಹೇಳಿದ್ದನ್ನು ನಾನು ಇಷ್ಟು ವರ್ಷವಾದರೂ ಮರೆತಿಲ್ಲ. ಆ ಹೆಸರು ಫಿನ್ನರು ತಾವೇ ಇಟ್ಟುಕೊಂಡದ್ದಲ್ಲ, ಹೊರಗಿನವರು ಇಟ್ಟದ್ದು. ಹಳೆಯ ಕಾಲದ ರೋಮಿನವನೊಬ್ಬ ಉತ್ತರದ ತುದಿಯ ಜನರನ್ನು ‘ಫೆನ್ನಿ’ ಎಂದು ಬರೆದಿದ್ದಾನೆ, ಆದರೆ ಅವರು ಬಹುಶಃ ಇವರಲ್ಲ, ಹಿಮಜಿಂಕೆ ಸಾಕುವ ಸಾಮಿ ಜನರ ಹಿರಿಯರು. ನಾರ್ವೆಯವರು ಬಹಳ ಕಾಲ ಸಾಮಿಗಳನ್ನೇ ಫಿನ್ನರು ಎನ್ನುತ್ತಿದ್ದರು. ಹೆಸರು ಅವರಿಂದ ಇವರ ಮೇಲೆ ಜಾರಿ ಬಿದ್ದಿದೆ. ಅದರ ಅರ್ಥ ಜೌಗು ನೆಲದವರು ಎನ್ನುವವರಿದ್ದಾರೆ. ಹುಡುಕುವವರು, ಬೇಟೆ ಅರಸಿ ಅಲೆಯುವವರು ಎನ್ನುವವರೂ ಇದ್ದಾರೆ. ಇವರು ತಮ್ಮನ್ನು ಕರೆದುಕೊಳ್ಳುವುದು ‘ಸುಓಮಲೈನೆನ್’ ಎಂದು, ನಾಡಿಗೆ ‘ಸುಓಮಿ’. ಅದರಲ್ಲೂ ‘ಸುಓ’ ಎಂದರೆ ಜೌಗು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ, ಪಂಡಿತರು ತಲೆ ಅಲ್ಲಾಡಿಸುತ್ತಾರೆ. ಬರೀ ‘ನೆಲ’ ಎಂಬ ಅರ್ಥದ ಯಾವುದೋ ಹಳೆಯ ಪದ ಇರಬಹುದಂತೆ. ‘ಮೊಡವೆ ಮಾತ್ರ ಎಲ್ಲಿಂದ ಬಂತು ಅಂತ ಗೊತ್ತು. ಅದು ಜರ್ಮನ್ ವ್ಯಾಪಾರಿಗಳ ಮಾತು, ಎಷ್ಟೋ ಶತಮಾನ ಆಮೇಲೆ ಬಂದದ್ದು. ನಮ್ಮ ಹೆಸರು ಎಲ್ಲಿಂದ ಬಂತೋ, ಅಲ್ಲಿಂದಂತೂ ಬಂದಿಲ್ಲ’ ಎಂದಳು.

ಅರಸಿ ಅಲೆಯುವವರು ಎಂದದ್ದು ಕೇಳಿ ನನಗೆ ಥಟ್ಟನೆ ಹೊಳೆಯಿತು. ‘ಹೆಂಕ್, ನಮ್ಮ ಕನ್ನಡದಲ್ಲಿ ಅರಸು ಅಂದರೆ ರಾಜ, ಅರಸು ಅಂದರೆ ಹುಡುಕು. ನಮ್ಮ ನಿಘಂಟಿನಲ್ಲಿ ಎರಡೂ ಬೇರೆ ಬೇರೆ. ರಾಜ ಏನೋ ಕಳಕೊಂಡು ಹುಡುಕ್ತಾ ಇದ್ದ, ಅದಕ್ಕೇ ಆ ಹೆಸರು ಅಂತ ಯಾರೂ ಬರೆಯೋದಿಲ್ಲ ಮಾರಾಯ’ ಎಂದೆ. ಮಾರಾಯ ಎಂದದ್ದು ಅವನಿಗೆ ಅರ್ಥವಾಗಲಿಲ್ಲ, ಉಳಿದದ್ದು ಆಯಿತು. ನಮ್ಮ ಜಿಲ್ಲೆಯ ಹೆಸರಿನ ಕತೆಯನ್ನೂ ಹೇಳಿದೆ. ತುಳು ಆಡುವ ನಾಡಿಗೆ ಹೊರಗಿನ ಹಡಗಿನವರು ತಮ್ಮ ನಾಲಗೆಗೆ ಬಂದಂತೆ ಕೆನರಾ ಎಂದರು. ಕನ್ನಡ ಎನ್ನುವುದಕ್ಕೇ ಕಪ್ಪು ಮಣ್ಣಿನ ನಾಡು ಎಂದು ಒಬ್ಬರು, ಎತ್ತರದ ನಾಡು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರಿಗೂ ಖಚಿತವಿಲ್ಲ, ಹಾಗೆಂದು ನಮ್ಮ ಊಟ ನಿಂತಿಲ್ಲ.

‘ಗೊತ್ತಿಲ್ಲ ಅಂತ ಬರೆಯುವ ನಿಘಂಟನ್ನು ಯಾರು ಕೊಳ್ತಾರೆ?’ ಎಂದು ಹೆಂಕ್ ಗೊಣಗಿದ. ಆದರೆ ನ್ಯಾಯವಂತ. ಎರಡು ಮನೆ ಕಟ್ಟಿಸಿದ. ಮೂಲದ ಜಾಗದಲ್ಲಿ ‘ಖಚಿತವಿಲ್ಲ, ಇತರರು ಇಟ್ಟ ಹೆಸರು’ ಎಂದು ಶುರುವಾಗುವ ಆರು ಸಾಲು ಬರೆಯಲು ಕಾರಿನಾಳಿಗೆ ಬಿಟ್ಟ. ಅವನ ನಿಘಂಟಿನಲ್ಲೇ ಅದು ಅತಿ ಉದ್ದದ ಮೂಲ. ಮೇಲಿನವರು ಮನಸ್ಸು ಬದಲಿಸುವುದನ್ನು ಕಣ್ಣಾರೆ ಕಂಡ ಮೊದಲ ಸಲ ಅದು. ಆಮೇಲೆ ಹತ್ತಾರು ಬಾಸ್‌ಗಳನ್ನು ಕಂಡೆ. ಆ ಗುಣ ಅಪರೂಪದ್ದು ಎಂದು ಗೊತ್ತಾದಾಗಲೆಲ್ಲ ಹೆಂಕ್‌ಗೆ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ಬರಹ ಮುಗಿದ ಮೇಲೆ ಧ್ವನಿ. ಫಿನ್ನಿಷ್ ಪದಗಳನ್ನು ಹೇಳಿದವಳು ಕಾರಿನಾಳೇ. ಪ್ರತಿ ಮುಖ್ಯ ಪದಕ್ಕೂ ಒಂದು ಉದಾಹರಣೆಯ ವಾಕ್ಯ ಬೇಕು. ಸುಓಮಲೈನೆನ್ ಎಂಬ ಪದಕ್ಕೆ ಅವಳು ಬರೆದುಕೊಂಡ ವಾಕ್ಯ: ‘ಪೆಕ್ಕ ಒನ್ ಸುಓಮಲೈನೆನ್.’ ಪೆಕ್ಕ ಫಿನ್‌ಲೆಂಡಿನವನು.  ಗಾಜಿನ ಆಚೆ ಕೂತು ಮೈಕಿನ ಮುಂದೆ ಅವಳು ಅದನ್ನು ಹೇಳುವಾಗ ನಾನು ಈಚೆ ಇದ್ದೆ. ಎಲ್ಲ ವಾಕ್ಯಗಳನ್ನೂ ಒಂದೇ ಸಮನೆ ಓದಿದವಳು ಆ ಒಂದನ್ನು ಮಾತ್ರ ಎದುರಿಗೆ ಕೂತವನಿಗೆ ಹೇಳುವ ಹಾಗೆ ಹೇಳಿದಳು. ಹೇಳಿ ಮುಗಿಸಿ, ತನ್ನ ಧ್ವನಿ ತಾನು ಕೇಳಲಾರೆ, ನೀವೇ ನೋಡಿಕೊಳ್ಳಿ ಎಂದು ಹೊರಟುಹೋದಳು.

ಧ್ವನಿಗೆ ಬಹಳ ಜಾಗ ಬೇಕು. ರಾಬ್ ಒಂದು ಜಾಣ ಪ್ರೋಗ್ರಾಂ ಬರೆದಿದ್ದ. ರೆಕಾರ್ಡಿಂಗಿನಲ್ಲಿ ಎಲ್ಲೆಲ್ಲಿ ಮೌನವಿದೆಯೋ ಅದನ್ನು ತಾನಾಗಿ ಕತ್ತರಿಸಿ ಚಿಕ್ಕದು ಮಾಡುತ್ತಿತ್ತು. ಡಚ್, ಜರ್ಮನ್, ಸ್ವೀಡಿಷ್ ಎಲ್ಲ ಚೊಕ್ಕವಾಗಿ ಬಂದವು. ಸಿ.ಡಿ. ಅಚ್ಚಿಗೆ ಹೋಗುವ ವಾರ ನಾನು ಫಿನ್ನಿಷ್ ಭಾಗವನ್ನು ಪರೀಕ್ಷಿಸಲು ಹೆಡ್‌ಫೋನ್ ಹಾಕಿಕೊಂಡು ಆ ವಾಕ್ಯವನ್ನು ಒತ್ತಿದೆ. ‘ಪೆಕ ಒನ್ ಸುಓಮಲೈನೆನ್’ ಎಂದಿತು.

ಇನ್ನೊಮ್ಮೆ ಒತ್ತಿದೆ. ಪೆಕ. ಒತ್ತು ಹಾರಿಹೋಗಿತ್ತು. ಇನ್ನೊಂದು ಅಕ್ಷರ ಸೇರಿದರೆ ಪೆಕರನೇ ಆಗುತ್ತಾನೆ. ನಗು ಬರಬೇಕಿತ್ತು, ಬರಲಿಲ್ಲ. ಅಷ್ಟು ವರ್ಷಗಳ ಮೇಲೆ ಅಕ್ಕ ತಮ್ಮನನ್ನು ಹೆಸರು ಹಿಡಿದು ಕರೆದಿದ್ದಾಳೆ, ನಾವು ಆ ಹೆಸರಿನ ಕತ್ತು ಕೊಯ್ದಿದ್ದೇವೆ.

ಏನಾಗಿತ್ತೆಂದರೆ, ಅಕ್ಕ ಎನ್ನುವಾಗ ಅ ಮತ್ತು ಕ ನಡುವೆ ನಾಲಗೆ ಒಂದು ಕ್ಷಣ ತಡೆದು ನಿಲ್ಲುತ್ತದೆ. ಆಗ ಸದ್ದೇ ಇರುವುದಿಲ್ಲ. ಆ ಮೌನವೇ ಒತ್ತು. ನಮಗೆ ಅದು ಅಕ್ಷರ, ರಾಬ್‌ನ ಪ್ರೋಗ್ರಾಮಿಗೆ ಅದು ಖಾಲಿ ಜಾಗ. ಅವನನ್ನು ಕರೆದು ಕತ್ತರಿಸಿದ್ದು, ಕತ್ತರಿಸದ್ದು ಎರಡನ್ನೂ ಕೇಳಿಸಿದೆ. ‘ಎರಡೂ ಒಂದೇ ಅಲ್ವಾ?’ ಎಂದ ಪಾಪ. ಡಚ್ಚಿನಲ್ಲಿ ಬೇಕರಿಯವನಿಗೆ ‘ಬಕ್ಕರ್’ ಎಂದು ಎರಡು ಕೆ ಬರೆಯುತ್ತಾರೆ, ಹೇಳುವುದು ಮಾತ್ರ ಒಂದೇ. ಹೆಂಕ್ ಬಂದ, ಕೇಳಿದ, ಭುಜ ಹಾರಿಸಿದ. ‘ಯಾರಿಗೂ ಗೊತ್ತಾಗಲ್ಲ. ಎಲ್ಲ ಫಿನ್ನಿಷ್ ಧ್ವನಿಯನ್ನೂ ಮತ್ತೆ ಮಾಡೋಕೆ ಟೈಮಿಲ್ಲ’ ಎಂದ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಆಯಿತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ.

ಮೈಕ್ ಎಳೆದುಕೊಂಡು ‘ಕತ್ತೆ’ ಎಂದು ರೆಕಾರ್ಡ್ ಮಾಡಿದೆ. ರಾಬ್‌ನ ಪ್ರೋಗ್ರಾಮಿನಿಂದ ಅದನ್ನು ಹಾಯಿಸಲು ಹೇಳಿದೆ. ಆಮೇಲೆ ಹಾರ್ಲೆಮ್‌ನಲ್ಲಿ ಕೆಲಸದಲ್ಲಿದ್ದ ಸತೀಶರಿಗೆ ಸ್ಪೀಕರ್ ಫೋನಿನಲ್ಲಿ ಕರೆ ಮಾಡಿ, ‘ಎರಡು ಪದ ಕೇಳಿಸ್ತೇನೆ, ಎಂತ ಕೇಳ್ತದೆ ಹೇಳಿ, ಅರ್ಥ ಇಂಗ್ಲಿಷಲ್ಲಿ ಹೇಳಿ’ ಎಂದೆ. ಮೊದಲು ಕತ್ತರಿಸಿದ್ದನ್ನು ಹಾಕಿದೆವು.

‘ಕತೆ. ಸ್ಟೋರಿ’ ಎಂದರು.

ಕತ್ತರಿಸದ್ದನ್ನು ಹಾಕಿದೆವು.

‘ಕತ್ತೆ. ಡಾಂಕಿ. ಏನೇ ಇದು, ಆಫೀಸಿಂದ ಫೋನ್ ಮಾಡಿ ಸ್ಪೀಕರಲ್ಲಿ ನನ್ನ ಬೈಯ್ತಾ ಇದೀಯಲ್ಲ! ಮೀಟಿಂಗಲ್ಲಿದೀನಿ ಕಣೇ!’

ಹೆಂಕ್ ಮೊದಲ ಸಲ ಗಟ್ಟಿಯಾಗಿ ನಕ್ಕದ್ದನ್ನು ನೋಡಿದೆ. ನಾನು ಕಬ್ಬಿಣ ಬಿಸಿ ಇರುವಾಗಲೇ ಬಡಿದೆ. ‘ಫಿನ್ನಿಷಿನಲ್ಲಿ ಮತ್ತೊ ಅಂದರೆ ಕಾರ್ಪೆಟ್, ಮತೊ ಅಂದರೆ ಹುಳು. ಕುಕ್ಕ ಅಂದರೆ ಹೂವು, ಕುಕ ಅಂದರೆ ಯಾರು. ನಮ್ಮ ನಿಘಂಟು ಕೇಳಿ ಅಂಗಡಿಗೆ ಹೋದವನು ಹುಳು ಕೊಡಿ ಅಂತಾನೆ ಹೆಂಕ್.’ ರಾಬ್ ಆಗಲೇ ತಿನ್ನುತ್ತಿದ್ದುದನ್ನು ಕೆಳಗಿಟ್ಟು, ಪರದೆಯ ಮೇಲೆ ಎರಡು ಧ್ವನಿಗಳ ಚಿತ್ರವನ್ನೂ ಒಂದರ ಕೆಳಗೊಂದು ಇಟ್ಟು ನೋಡುತ್ತಿದ್ದ. ‘ಪ್ರಮೀಳಾ ಹೇಳಿದ್ದು ಸರಿ. ನಾನು ಅವರ ಅಕ್ಷರ ತಿಂದಿದ್ದೀನಿ. ಶನಿವಾರ ಬರ್ತೀನಿ’ ಎಂದ. ಇದಕ್ಕೆ ದೊಡ್ಡ ಮನಸ್ಸು ಬೇಕು, ಮಕ್ಕಳೇ. ಅವನು ತನ್ನ ಜಾಣತನಕ್ಕೆ ಅಂಟಿಕೊಂಡು ಕೂತಿದ್ದರೆ ನನ್ನ ಕಿವಿಯಿಂದ ಏನೂ ಪ್ರಯೋಜನವಿರಲಿಲ್ಲ.

ಈ ಕಿವಿಯೂ ನನ್ನ ಸಂಪಾದನೆಯಲ್ಲ. ಮಂಗಳೂರಿನ ಶಾಲೆಯಲ್ಲಿ ಒಂದನೇ ಕ್ಲಾಸಿನ ಲಿಲ್ಲಿ ಟೀಚರ್ ‘ಹಕಿ ಹಾರುವುದಿಲ್ಲ, ಹಕ್ಕಿ ಹಾರುತ್ತದೆ’ ಎಂದು ಕಿವಿ ಹಿಂಡಿ ಕೊಟ್ಟದ್ದು. ನಿಮಗೂ ಯಾರೋ ಕೊಟ್ಟಿರುತ್ತಾರೆ. ಯುರೋಪಿಗೆ ಬಂದು ನಮ್ಮ ಭಾಷೆಯಿಂದ ಇಲ್ಲಿ ಏನು ಉಪಯೋಗ ಎಂದು ಕೇಳಬೇಡಿ.

ಶನಿವಾರ ಕಾರಿನಾಳನ್ನೂ ಕರೆಸಿದೆವು, ಸರಿಯಾಗಿದೆಯೇ ಎಂದು ಹೇಳಬೇಕಾದವಳು ಅವಳೇ. ತನ್ನ ಧ್ವನಿ ಕೇಳಲಾರೆ ಎಂದು ಹಟ ಹಿಡಿದಳು. ಕೂರಿಸಿದೆ. ‘ಪೆಕ’ ಎಂದದ್ದು ಕೇಳಿದ ಕೂಡಲೇ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ‘ಇದು ಯಾರ ಹೆಸರೂ ಅಲ್ಲ’ ಎಂದಳು. ರಾಬ್ ಫಿನ್ನಿಷಿಗಾಗಿ ಬೇರೆ ಅಳತೆ ಇಟ್ಟು ಮತ್ತೆ ಹಾಯಿಸಿದ. ಈ ಸಲ ಅವಳು ಕಣ್ಣು ಮುಚ್ಚಿ ಕೇಳಿದಳು. ಕೇಳಿ, ನನ್ನ ಕೈಯನ್ನು ಸುಮ್ಮನೆ ಸ್ವಲ್ಪ ಹೊತ್ತು ಹಿಡಿದುಕೊಂಡಳು. ಫಿನ್‌ಲೆಂಡಿನವರು ಹಾಗೆ ಕೈ ಹಿಡಿಯುವುದಿಲ್ಲ ಎಂದು ರಾಬ್ ಆಮೇಲೆ ಹೇಳಿದ. ಹೆಚ್ಚಾದ ಜಾಗಕ್ಕೆ ಏನು ಮಾಡಿದಿರಿ ಎಂದು ಹೆಂಕ್ ಕೇಳಿದ. ನಿಘಂಟು ತೆರೆದುಕೊಳ್ಳುವಾಗ ಬರುತ್ತಿದ್ದ ಸಂಗೀತವನ್ನು ರಾಬ್ ತೆಗೆದುಹಾಕಿದ್ದ. ಅದು ಹೆಂಕ್‌ನೇ ಪಿಯಾನೋದಲ್ಲಿ ನುಡಿಸಿದ್ದು. 

ಸಿ.ಡಿ. ಹೊರಬಂತು, ಶಾಲೆಗಳಿಗೆ ಹೋಯಿತು. ಕಾರಿನಾ ತಮ್ಮನಿಗೆ ಏನೂ ತಿಳಿಸಲಿಲ್ಲ. ‘ತಿಳಿಸು ಮಾರಾಯ್ತಿ, ಒಂದು ಫೋನ್ ಮಾಡಿದರೆ ಏನಾಗ್ತದೆ?’ ಎಂದು ರೈಲಿನಲ್ಲಿ ನಾನು ಎಷ್ಟು ತಲೆ ತಿಂದರೂ, ‘ಅವನಿಗೆ ಬೇಕಾದರೆ ಕೇಳ್ತಾನೆ’ ಎನ್ನುತ್ತಿದ್ದಳು. ಕ್ರಿಸ್‌ಮಸ್ ಬಂತು. ಕಾರ್ಡೂ ಬಂತು, ಎಂದಿನಂತೆ ಸ್ವೀಡಿಷ್‌ನಲ್ಲಿ, ಪೀಟರ್ ಎಂಬ ಸಹಿಯೊಂದಿಗೆ. ಅವಳು ನನಗೆ ಅದನ್ನು ಹೇಳಿ ಕಿಟಕಿಯ ಕಡೆ ತಿರುಗಿದಳು. ಆಮೇಲೆ ನಾನು ಆ ಮಾತು ತೆಗೆಯಲಿಲ್ಲ. ನಾವು ಮುಂದಿನ ನಿಘಂಟಿನ ಕೆಲಸ ಹಿಡಿದೆವು.

ವಸಂತದ ಒಂದು ಬೆಳಿಗ್ಗೆ ಕಾರಿನಾ ಕಾಫಿ ತರಲು ಎದ್ದುಹೋಗಿದ್ದಾಗ ಆಫೀಸಿನ ಫೋನ್ ಹೊಡೆದುಕೊಂಡಿತು. ನಾನೇ ಎತ್ತಿದೆ. ಅತ್ತ ಮಕ್ಕಳ ಗದ್ದಲ, ಬೆಂಚು ಎಳೆಯುವ ಸದ್ದು. ಒಬ್ಬ ಗಂಡಸು ಇಂಗ್ಲಿಷಿನಲ್ಲಿ, ನಿಮ್ಮ ಸಿ.ಡಿ.ಯ ಪೆಟ್ಟಿಗೆಯ ಮೇಲೆ ಈ ನಂಬರ್ ಇತ್ತು, ಕಾರಿನಾ ಎಂಬವರು ಅಲ್ಲಿ ಕೆಲಸ ಮಾಡುತ್ತಾರೆಯೇ ಎಂದು ಕೇಳಿದ. ಯಾರೆಂದು ಹೇಳಲಿ ಎಂದೆ.

‘ಪೀಟರ್’ ಎಂದ.  ಫೋನ್ ಇಟ್ಟನೇನೋ ಎಂದುಕೊಂಡೆ, ಆದರೆ ಮಕ್ಕಳ ಗದ್ದಲ ಕೇಳುತ್ತಲೇ ಇತ್ತು. ಆಮೇಲೆ ಅವನು ಮೆಲ್ಲಗೆ, ‘ಇಲ್ಲ, ತಡೀರಿ. ಬೇರೆ ಹೆಸರು ಹೇಳಿ’ ಎಂದು ಇನ್ನೊಂದು ಹೆಸರು ಹೇಳಿದ.

ನಾನು ರಿಸೀವರನ್ನು ಮೇಜಿನ ಮೇಲಿಟ್ಟು ಕಾರಿಡಾರಿಗೆ ಓಡಿದೆ. ಕಾರಿನಾ ಎರಡು ಕೈಯಲ್ಲೂ ಕಾಫಿ ಹಿಡಿದು ಬರುತ್ತಿದ್ದಳು.

‘ನಿನ್ನ ತಮ್ಮನ ಫೋನ್’ ಎಂದೆ.

ಅವಳು ಇದ್ದಲ್ಲೇ ನಿಂತಳು. ‘ಹೆಸರು ಹೇಳಿದನಾ?’

‘ಪೆಕ್ಕ ಅಂದ.’

‘ಸರಿಯಾಗಿ ಕೇಳಿಸ್ಕೊಂಡೆಯಾ ಪ್ರಮೀಳಾ? ಸರಿಯಾಗಿ?’

‘ಒತ್ತಿನ ಸಮೇತ ಹೇಳಿದ್ದಾನೆ ಮಾರಾಯ್ತಿ, ಹೋಗು’ ಎಂದು ಅವಳ ಕೈಯಿಂದ ಎರಡೂ ಲೋಟ ತೆಗೆದುಕೊಂಡೆ.